ಹೆಸರು ಕೇಳದ ಕಾಲೇಜಿನಲ್ಲಿ ವಿಜ್ಞಾನ, ನವೆಂಬರಿನಲ್ಲೇ ಸಹಿ

(ಅಮೆರಿಕದ ಒಂದು ಕನ್ನಡ ಕೂಟದಲ್ಲಿ ಹೈಸ್ಕೂಲು ಮಕ್ಕಳು ಮತ್ತು ಅವರ ಅಪ್ಪ ಅಮ್ಮಂದಿರ ಮುಂದೆ, ಸಣ್ಣ ಕಾಲೇಜುಗಳಲ್ಲಿ ವಿಜ್ಞಾನ ಓದುವುದು ಮತ್ತು ಅಲ್ಲಿಗೆ ಬೇಗ ಅರ್ಜಿ ಹಾಕುವ ಅರ್ಲಿ ಅಡ್ಮಿಷನ್ ಬಗ್ಗೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಪೋಷಕರಲ್ಲಿ ಜಾಸ್ತಿ ಜನ ಸುರತ್ಕಲ್ಲಿನಲ್ಲೋ, ಬೆಂಗಳೂರು ಮೈಸೂರಿನ ಯಾವುದಾದರೂ ಇಂಜಿನಿಯರಿಂಗ್ ಕಾಲೇಜಿನಲ್ಲೋ ಓದಿ, ಎಂಎಸ್ ಮಾಡಲು ಈ ದೇಶಕ್ಕೆ ಬಂದವರು. ನೀವು ಇಲ್ಲಿನ ವಿಶ್ವವಿದ್ಯಾಲಯಗಳನ್ನು ನೋಡಿದ್ದು ಎಂಎಸ್ ವಿದ್ಯಾರ್ಥಿಯಾಗಿ. ಹಾಗಾಗಿ ನಿಮಗೆ ಪರಿಚಯ ಇರುವ ಹೆಸರೆಲ್ಲ ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯಗಳದ್ದು. ಆದರೆ ನಿಮ್ಮ ಮಗನೋ ಮಗಳೋ ಹೊರಟಿರುವುದು ಹದಿನೆಂಟನೇ ವಯಸ್ಸಿನಲ್ಲಿ, ಬ್ಯಾಚುಲರ್ಸ್ ಓದಲು. ಆ ನಾಲ್ಕು ವರ್ಷಕ್ಕೆ ಈ ದೇಶದಲ್ಲಿ ಇನ್ನೊಂದು ದಾರಿ ಇದೆ. ಅದರ ಹೆಸರುಗಳನ್ನು ನಮ್ಮ ಮನೆಗಳಲ್ಲಿ ಯಾರೂ ಹೇಳುವುದಿಲ್ಲ.

ಸ್ವಾರ್ತ್‌ಮೋರ್, ಗ್ರಿನೆಲ್, ಕಾರ್ಲ್‌ಟನ್, ರೀಡ್, ಪೊಮೋನಾ, ಹ್ಯಾವರ್‌ಫರ್ಡ್, ವಿಲಿಯಮ್ಸ್, ಆಮರ್ಸ್ಟ್. ಇವನ್ನು ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜು ಅನ್ನುತ್ತಾರೆ. ಒಂದೊಂದರಲ್ಲೂ ಸುಮಾರು 1,400ರಿಂದ 2,000 ವಿದ್ಯಾರ್ಥಿಗಳು, ಅಷ್ಟೆ. ನಮ್ಮ ಕಡೆಯ ಒಂದು ದೊಡ್ಡ ಪಿಯು ಕಾಲೇಜಿನಲ್ಲೇ ಇದಕ್ಕಿಂತ ಹೆಚ್ಚು ಮಕ್ಕಳಿರುತ್ತಾರೆ. ಹೆಸರಿನಲ್ಲಿ ಆರ್ಟ್ಸ್ ಇದ್ದರೂ ಇಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಗಣಿತ, ಕಂಪ್ಯೂಟರ್ ಸೈನ್ಸ್ ಎಲ್ಲ ಇವೆ. ಇಲ್ಲದಿರುವುದು ಪಿಎಚ್‌ಡಿ ವಿದ್ಯಾರ್ಥಿಗಳು. ನಾನು ಇಂಥದೊಂದು ಕಾಲೇಜಿನಲ್ಲಿ ಬಹಳ ವರ್ಷ ಕೆಮಿಸ್ಟ್ರಿ ಪಾಠ ಮಾಡಿದವನು. ಇವತ್ತು ಹೇಳಬೇಕಾಗಿರುವ ಮಾತೆಲ್ಲ ಈ ಒಂದು ಸಂಗತಿಯಿಂದಲೇ ಹೊರಡುತ್ತದೆ: ಪಿಎಚ್‌ಡಿ ವಿದ್ಯಾರ್ಥಿಗಳಿಲ್ಲದ ಕಡೆ ಲ್ಯಾಬಿನ ಕೆಲಸ ಮಾಡುವವರು ಯಾರು? ಇಪ್ಪತ್ತು ವರ್ಷದ ಹುಡುಗ ಹುಡುಗಿಯರೇ ಮಾಡಬೇಕು, ಬೇರೆ ಯಾರೂ ಇಲ್ಲ.

ಇದು ಹೊಸ ವಿಷಯವೇನಲ್ಲ. ಒಹಾಯೋದ ಓಬರ್ಲಿನ್ ಕಾಲೇಜಿನಲ್ಲಿ 1880ರ ದಶಕದಲ್ಲಿ ಫ್ರಾಂಕ್ ಜ್ಯೂವೆಟ್ ಅಂತ ಒಬ್ಬ ಕೆಮಿಸ್ಟ್ರಿ ಮೇಷ್ಟ್ರು ಇದ್ದರು. ಜರ್ಮನಿಯಲ್ಲಿ ಓದಿ ಬಂದವರು. ಆಗ ಅಲ್ಯೂಮಿನಿಯಂ ಬಹಳ ದುಬಾರಿ ಲೋಹ. ಮಣ್ಣಿನಲ್ಲಿ ಬೇಕಾದಷ್ಟಿದೆ, ಆದರೆ ಅಗ್ಗವಾಗಿ ಬೇರ್ಪಡಿಸುವುದು ಯಾರಿಗೂ ಗೊತ್ತಿರಲಿಲ್ಲ. ಜ್ಯೂವೆಟ್ ಈ ಸಮಸ್ಯೆಯನ್ನು ತರಗತಿಯಲ್ಲಿ ಮಕ್ಕಳ ಮುಂದಿಟ್ಟರು. ಚಾರ್ಲ್ಸ್ ಮಾರ್ಟಿನ್ ಹಾಲ್ ಎಂಬ ಹುಡುಗ ಅದನ್ನು ಹಿಡಿದುಕೊಂಡ. ಮೇಷ್ಟ್ರ ಲ್ಯಾಬಿನಲ್ಲೇ ಪ್ರಯೋಗ ಶುರು ಮಾಡಿದ. 1885ರಲ್ಲಿ ಡಿಗ್ರಿ ಮುಗಿಸಿದ ಮೇಲೂ ಬಿಡಲಿಲ್ಲ. ಮನೆಯ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಕುಲುಮೆ ಕಟ್ಟಿಕೊಂಡ. ಬ್ಯಾಟರಿಗಳನ್ನು ತಾನೇ ಮಾಡಿಕೊಂಡ. ಅದೇ ಕಾಲೇಜಿನಲ್ಲಿ ಕೆಮಿಸ್ಟ್ರಿ ಓದಿದ್ದ ಅಕ್ಕ ಜೂಲಿಯಾ ಜೊತೆಗೆ ನಿಂತಳು. 1886ರ ಫೆಬ್ರವರಿಯಲ್ಲಿ, ಕರಗಿದ ಕ್ರಯೋಲೈಟ್ ಎಂಬ ಖನಿಜದಲ್ಲಿ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್ ಹಾಕಿ ವಿದ್ಯುತ್ ಹರಿಸಿದಾಗ ತಳದಲ್ಲಿ ಬೆಳ್ಳಗಿನ ಗುಂಡುಗಳು ಸಿಕ್ಕವು. ಅವನಿಗಾಗ 22 ವರ್ಷ. ಅದೇ ವರ್ಷ ಫ್ರಾನ್ಸಿನಲ್ಲಿ ಪಾಲ್ ಎರೂ ಕೂಡ ಇದೇ ವಿಧಾನ ಕಂಡುಕೊಂಡರು. ಇವತ್ತಿಗೂ ಅಲ್ಯೂಮಿನಿಯಂ ತಯಾರಾಗುವುದು ಇಬ್ಬರ ಹೆಸರೂ ಸೇರಿದ ಹಾಲ್-ಎರೂ ವಿಧಾನದಲ್ಲೇ. ನಿಮ್ಮ ಅಡುಗೆಮನೆಯ ಪಾತ್ರೆಯಿಂದ ಹಿಡಿದು ವಿಮಾನದ ರೆಕ್ಕೆಯವರೆಗೆ ಎಲ್ಲಕ್ಕೂ ಅದೇ ಮೂಲ.

ಈ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಹುಡುಗನ ಪ್ರತಿಭೆ ಮಾತ್ರ ಅಲ್ಲ. ಮೇಷ್ಟ್ರು ಅವನಿಗೆ ನಿಜವಾದ, ಯಾರೂ ಬಿಡಿಸದ ಸಮಸ್ಯೆಯನ್ನು ಕೊಟ್ಟರು. ಆಮೇಲೆ ಲ್ಯಾಬಿನ ಬಾಗಿಲು ತೆರೆದಿಟ್ಟರು. ನಾನು ಮೈಸೂರಿನಲ್ಲಿ ಬಿಎಸ್‌ಸಿ ಓದುವಾಗ ನಮಗೆ ಒಳ್ಳೆಯ ಗುರುಗಳಿದ್ದರು. ಆದರೆ ಪ್ರಾಕ್ಟಿಕಲ್ ಅಂದರೆ ಉತ್ತರ ಮೊದಲೇ ಗೊತ್ತಿದ್ದ ಪ್ರಯೋಗ. ರೆಕಾರ್ಡ್ ಬುಕ್ಕಿನಲ್ಲಿ ಬರಬೇಕಾದ ಸಂಖ್ಯೆ ಬಂದರೆ ಮುಗಿಯಿತು. ಉತ್ತರ ಗೊತ್ತಿಲ್ಲದ ಪ್ರಯೋಗವನ್ನು ನಾನು ಮೊದಲ ಸಲ ಮಾಡಿದ್ದು ಪಿಎಚ್‌ಡಿಗೆ ಸೇರಿದ ಮೇಲೆ. ಸಣ್ಣ ಕಾಲೇಜಿನ ಮಕ್ಕಳು ಅದನ್ನು ಎರಡನೇ ವರ್ಷದ ಬೇಸಿಗೆ ರಜೆಯಲ್ಲೇ ಮಾಡುವುದನ್ನು ನೋಡಿದಾಗ ನನಗೆ ಆದ ಸಂತೋಷ ಇವತ್ತಿಗೂ ಕಡಿಮೆ ಆಗಿಲ್ಲ.

ಇನ್ನು ಕೆಲವು ಹೆಸರು ಹೇಳುತ್ತೇನೆ. ಕೋವಿಡ್ ಸಮಯದಲ್ಲಿ ನಾವೆಲ್ಲ ಆರ್‌ಟಿ-ಪಿಸಿಆರ್ ಟೆಸ್ಟ್ ಮಾಡಿಸಿಕೊಂಡೆವು, ಅಲ್ವಾ? ಆ ಟೆಸ್ಟಿಗೆ ಬೇಕಾದದ್ದು ಆರ್‌ಎನ್‌ಎಯಿಂದ ಡಿಎನ್‌ಎ ಮಾಡುವ ಒಂದು ಕಿಣ್ವ. ಅದನ್ನು 1970ರಲ್ಲಿ ಬೇರೆ ಬೇರೆಯಾಗಿ ಕಂಡುಹಿಡಿದ ಹೋವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಇಬ್ಬರೂ ಸ್ವಾರ್ತ್‌ಮೋರ್‌ನಲ್ಲಿ ಓದಿದವರು. ಟೆಮಿನ್ 1955ರ ಬ್ಯಾಚು, ಬಾಲ್ಟಿಮೋರ್ 1960ರದ್ದು. ಇಬ್ಬರೂ ಮೊದಲು ಭೇಟಿಯಾದದ್ದು ಮೇಯ್ನ್ ರಾಜ್ಯದ ಜ್ಯಾಕ್ಸನ್ ಲ್ಯಾಬೊರೇಟರಿಯ ಬೇಸಿಗೆ ಶಿಬಿರದಲ್ಲಿ. ಬಾಲ್ಟಿಮೋರ್ ಆಗ ಇನ್ನೂ ಹೈಸ್ಕೂಲು ಹುಡುಗ. 1975ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆರ್‌ಎನ್‌ಎ ತಾನೇ ಕಿಣ್ವದಂತೆ ಕೆಲಸ ಮಾಡಬಲ್ಲದು ಎಂದು ತೋರಿಸಿ 1989ರಲ್ಲಿ ನೊಬೆಲ್ ಪಡೆದ ಥಾಮಸ್ ಚೆಕ್ ಐಯೋವಾದ ಗ್ರಿನೆಲ್‌ನವರು. ಅವರ ಲ್ಯಾಬಿನಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ಸಂಶೋಧನೆ ಮಾಡಿದ ಜೆನಿಫರ್ ಡೌಡ್ನಾ ಕ್ಯಾಲಿಫೋರ್ನಿಯಾದ ಪೊಮೋನಾದವರು. ಡೌಡ್ನಾಗೆ ಓದುವಾಗ ಒಮ್ಮೆ ವಿಜ್ಞಾನ ಬಿಟ್ಟು ಫ್ರೆಂಚ್ ತೆಗೆದುಕೊಂಡರೆ ಹೇಗೆ ಅನ್ನಿಸಿತ್ತಂತೆ. ಆಗ ವಿಜ್ಞಾನದಲ್ಲೇ ಇರು ಎಂದು ಬುದ್ಧಿ ಹೇಳಿದ್ದು ಅವರ ಫ್ರೆಂಚ್ ಟೀಚರ್. ಡೌಡ್ನಾಗೆ 2020ರಲ್ಲಿ ನೊಬೆಲ್ ಸಿಕ್ಕಿದ್ದು ಜೀನ್ ತಿದ್ದುವ ಕ್ರಿಸ್ಪರ್ ವಿಧಾನದ ಕೆಲಸಕ್ಕೆ. ವಿದ್ಯಾರ್ಥಿಯ ಮುಖ ನೋಡಿದ ಕೂಡಲೇ ಏನೋ ಸರಿ ಇಲ್ಲ ಎಂದು ಗುರುತಿಸುವ ಮೇಷ್ಟ್ರು ಇರುವುದು ಸಣ್ಣ ಊರಿನಂಥ ಕಾಲೇಜಿನಲ್ಲಿ ಸುಲಭ. ಮುನ್ನೂರು ಜನರ ಹಾಲಿನಲ್ಲಿ ಕಷ್ಟ.

ನೊಬೆಲ್ ಹೆಸರುಗಳಿಂದ ಯಾವ ವಾದವೂ ಪೂರ್ತಿ ಗೆಲ್ಲುವುದಿಲ್ಲ. ಅದಕ್ಕಿಂತ ಗಟ್ಟಿಯಾದದ್ದು ಅಮೆರಿಕ ಸರ್ಕಾರದ ನ್ಯಾಷನಲ್ ಸೈನ್ಸ್ ಫೌಂಡೇಷನ್ ಇಡುವ ಲೆಕ್ಕ. ಯಾವ ಕಾಲೇಜಿನಿಂದ ಹೊರಬಂದ ನೂರು ಪದವೀಧರರಲ್ಲಿ ಎಷ್ಟು ಜನ ಮುಂದೆ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಾರೆ ಎಂದು ನೋಡಿದರೆ, ಕ್ಯಾಲ್‌ಟೆಕ್ ಮತ್ತು ಎಂಐಟಿಯ ಪಕ್ಕದಲ್ಲೇ ಹಾರ್ವಿ ಮಡ್, ರೀಡ್, ಸ್ವಾರ್ತ್‌ಮೋರ್, ಕಾರ್ಲ್‌ಟನ್ ಬರುತ್ತವೆ. ಚೆಕ್ ಅವರು 1999ರಲ್ಲಿ ಈ ವಿಷಯದ ಬಗ್ಗೆ ಬರೆದ ಲೇಖನದಲ್ಲೂ ಇದನ್ನೇ ಹೇಳಿದ್ದರು: ತಲಾ ಲೆಕ್ಕದಲ್ಲಿ ಲಿಬರಲ್ ಆರ್ಟ್ಸ್ ಕಾಲೇಜುಗಳು ಬೇರೆ ಸಂಸ್ಥೆಗಳಿಗಿಂತ ಸುಮಾರು ಎರಡು ಪಟ್ಟು ವಿಜ್ಞಾನ ಪಿಎಚ್‌ಡಿಗಳನ್ನು ಕೊಡುತ್ತವೆ. ಇದರಲ್ಲಿ ಒಂದಷ್ಟು ಪಾಲು, ಅಲ್ಲಿಗೆ ಹೋಗುವ ಮಕ್ಕಳೇ ಓದುವ ಹುಚ್ಚಿನವರು ಎಂಬ ಕಾರಣಕ್ಕೆ. ಅದನ್ನು ಒಪ್ಪಿಕೊಳ್ಳಬೇಕು. ಆದರೂ ಉಳಿದ ಪಾಲು ಕಾಲೇಜಿನದ್ದೇ ಎಂದು ನಾನು ನಂಬುತ್ತೇನೆ. ನನ್ನ ಕಣ್ಣೆದುರೇ ಮಕ್ಕಳು ಬದಲಾಗುವುದನ್ನು ನೋಡಿದ್ದೇನೆ.

ಅಲ್ಲಿ ದಿನನಿತ್ಯ ಹೇಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಮೊದಲ ವರ್ಷದ ಕೆಮಿಸ್ಟ್ರಿಯನ್ನೂ ಪ್ರೊಫೆಸರೇ ಪಾಠ ಮಾಡುತ್ತಾರೆ. ಲ್ಯಾಬಿನಲ್ಲೂ ಅವರೇ ನಿಂತಿರುತ್ತಾರೆ. ಅವರಿಗೆ ಕೆಲಸ ಖಾಯಂ ಆಗುವಾಗ ಪಾಠ ಹೇಗೆ ಮಾಡುತ್ತಾರೆ ಎಂಬುದನ್ನು ಬಹಳ ಗಂಭೀರವಾಗಿ ನೋಡುತ್ತಾರೆ. ವಿಲಿಯಮ್ಸ್‌ನಲ್ಲಿ ಟ್ಯುಟೋರಿಯಲ್ ಎಂಬ ಕ್ರಮ ಇದೆ. ಇಬ್ಬರೇ ವಿದ್ಯಾರ್ಥಿಗಳು, ಒಬ್ಬ ಪ್ರೊಫೆಸರ್. ಒಂದು ವಾರ ಒಬ್ಬ ಬರೆದು ತರುತ್ತಾನೆ, ಇನ್ನೊಬ್ಬ ಅದರ ತಪ್ಪು ಒಪ್ಪು ಹೇಳುತ್ತಾನೆ. ಮುಂದಿನ ವಾರ ಅದಲು ಬದಲು. ತಯಾರಿ ಮಾಡದೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುವುದು ಅಲ್ಲಿ ಸಾಧ್ಯವೇ ಇಲ್ಲ. ಸ್ವಾರ್ತ್‌ಮೋರ್‌ನಲ್ಲಿ 1922ರಿಂದ ಆನರ್ಸ್ ಪದ್ಧತಿ ನಡೆಯುತ್ತಿದೆ. ಕೊನೆಯ ಎರಡು ವರ್ಷ ಸಣ್ಣ ಸೆಮಿನಾರುಗಳು. ಕೊನೆಯಲ್ಲಿ ಬೇರೆ ವಿಶ್ವವಿದ್ಯಾಲಯಗಳ ವಿದ್ವಾಂಸರು ಬಂದು ಬರಹದಲ್ಲೂ ಬಾಯಿಮಾತಿನಲ್ಲೂ ಪರೀಕ್ಷೆ ಮಾಡುತ್ತಾರೆ. ಹಾಗಾಗಿ ಪಾಠ ಹೇಳಿದ ಮೇಷ್ಟ್ರು ಮತ್ತು ವಿದ್ಯಾರ್ಥಿ ಇಬ್ಬರೂ ಒಂದೇ ಕಡೆ ನಿಂತಿರುತ್ತಾರೆ. ಪರೀಕ್ಷೆ ಹೊರಗಿನಿಂದ ಬರುತ್ತದೆ. ಈ ಒಂದು ಬದಲಾವಣೆಯಿಂದ ಗುರು ಶಿಷ್ಯರ ನಡುವೆ ಎಂಥ ಸಲಿಗೆ ಬೆಳೆಯುತ್ತದೆ ಎಂದು ಯೋಚಿಸಿ ನೋಡಿ.

ಒರೆಗಾನಿನ ರೀಡ್ ಕಾಲೇಜಿನದ್ದು ಇನ್ನೂ ವಿಶೇಷ. ಅಲ್ಲಿ 1968ರಿಂದ ಒಂದು ಸಂಶೋಧನಾ ಅಣು ರಿಯಾಕ್ಟರ್ ಇದೆ. ಅದನ್ನು ನಡೆಸುವವರಲ್ಲಿ ಹೆಚ್ಚಿನವರು ಬ್ಯಾಚುಲರ್ಸ್ ಓದುವ ಮಕ್ಕಳೇ. ತರಬೇತಿ ಪಡೆದು, ದೇಶದ ಅಣು ನಿಯಂತ್ರಣ ಆಯೋಗದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ತೆಗೆದುಕೊಂಡು ನಡೆಸುತ್ತಾರೆ. ಸಾಹಿತ್ಯ, ತತ್ವಶಾಸ್ತ್ರ ಓದುವವರೂ ಆ ಲೈಸೆನ್ಸ್ ಪಡೆಯುವುದುಂಟು. ಜೊತೆಗೆ ಅಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಕೊನೆಯ ವರ್ಷ ಥೀಸಿಸ್ ಬರೆಯಲೇಬೇಕು. ಒಹಾಯೋದ ವೂಸ್ಟರ್‌ನಲ್ಲೂ ಇಂಥದೇ ನಿಯಮ ಇದೆ.

ಈಗ ಕೊರತೆಗಳ ಮಾತು. ಇದನ್ನು ಮುಚ್ಚಿಡಬಾರದು.

ಮುಂದಿನ ಹಂತದ ಕೋರ್ಸುಗಳು ಕಡಿಮೆ. ಫಿಸಿಕ್ಸ್ ವಿಭಾಗದಲ್ಲಿ ಏಳೆಂಟು ಜನ ಪ್ರೊಫೆಸರ್‌ಗಳಿದ್ದರೆ ಅದೇ ದೊಡ್ಡದು. ಕೆಲವು ಕೋರ್ಸು ಎರಡು ವರ್ಷಕ್ಕೊಮ್ಮೆ ಬರುತ್ತದೆ. ನಿಮ್ಮ ಪ್ರೀತಿಯ ವಿಷಯ ಪಾಠ ಮಾಡುವ ಒಬ್ಬರೇ ಒಬ್ಬರು ಆ ವರ್ಷ ರಜೆಯ ಮೇಲೆ ಹೋದರೆ ಆ ಕೋರ್ಸೇ ಇಲ್ಲ. ಒಂಬತ್ತನೇ ಕ್ಲಾಸಿನಲ್ಲೇ ಕ್ಯಾಲ್ಕುಲಸ್ ಮುಗಿಸಿರುವ ಮಗು ನಿಮ್ಮ ಮನೆಯಲ್ಲಿದ್ದರೆ, ಮೂರನೇ ವರ್ಷದ ಹೊತ್ತಿಗೆ ಆ ಕಾಲೇಜಿನ ಗಣಿತ ಮುಗಿದುಹೋಗಬಹುದು. ಅಂಥ ಮಗುವಿಗೆ ದೊಡ್ಡ ವಿಶ್ವವಿದ್ಯಾಲಯವೇ ಸರಿ. ಕೋಟಿಗಟ್ಟಲೆ ಬೆಲೆಯ ಯಂತ್ರಗಳೂ ದೊಡ್ಡ ಕಡೆಯೇ ಜಾಸ್ತಿ. ಇಂಜಿನಿಯರಿಂಗ್ ಬೇಕು ಅಂದರೆ ಆಯ್ಕೆ ಇನ್ನೂ ಚಿಕ್ಕದು. ಹಾರ್ವಿ ಮಡ್, ಸ್ವಾರ್ತ್‌ಮೋರ್, ಸ್ಮಿತ್, ಲಫಯೆಟ್ ಥರದ ಕೆಲವು ಕಡೆ ಮಾತ್ರ ಇದೆ. ಈ ಕೊರತೆಯನ್ನು ನೆರೆಹೊರೆಯ ಕಾಲೇಜುಗಳು ಸೇರಿ ಸ್ವಲ್ಪ ತುಂಬುತ್ತವೆ. ಕ್ಲೇರ್‌ಮಾಂಟ್‌ನಲ್ಲಿ ಐದು ಕಾಲೇಜುಗಳು ಗೋಡೆಗೆ ಗೋಡೆ ತಾಗಿದಂತೆ ಇವೆ. ಪೊಮೋನಾದ ಹುಡುಗಿ ನಡೆದುಕೊಂಡು ಹೋಗಿ ಹಾರ್ವಿ ಮಡ್‌ನಲ್ಲಿ ಕ್ಲಾಸು ಕೇಳಬಹುದು. ಆಮರ್ಸ್ಟ್, ಸ್ಮಿತ್, ಮೌಂಟ್ ಹೋಲ್ಯೋಕ್‌ನ ಮಕ್ಕಳು ಬಸ್ಸು ಹತ್ತಿ ಹತ್ತಿರದ ಸರ್ಕಾರಿ ವಿಶ್ವವಿದ್ಯಾಲಯದ ಕೋರ್ಸು ತೆಗೆದುಕೊಳ್ಳಬಹುದು. ಗ್ರಿನೆಲ್‌ಗೆ ಅಂಥ ನೆರೆಹೊರೆ ಇಲ್ಲ. ಸುತ್ತ ಜೋಳದ ಹೊಲ. ಅದು ಕೆಲವರಿಗೆ ಹಿಡಿಸುತ್ತದೆ, ಕೆಲವರಿಗೆ ಇಲ್ಲ.

ಇಷ್ಟು ತಿಳಿದ ಮೇಲೆ ಅರ್ಲಿ ಅಡ್ಮಿಷನ್ನಿಗೆ ಬರೋಣ. ನಿಮ್ಮಲ್ಲಿ ಹೆಚ್ಚಿನವರು ಬಂದಿರುವುದೇ ಇದನ್ನು ಕೇಳಲು ಎಂದು ಗೊತ್ತು.

ಅರ್ಲಿ ಆಕ್ಷನ್ ಅಂದರೆ ಬೇಗ ಅರ್ಜಿ ಹಾಕುವುದು, ಬೇಗ ಉತ್ತರ ಪಡೆಯುವುದು, ಆದರೆ ಕಟ್ಟುಪಾಡು ಇಲ್ಲ. ಮೇ 1ರವರೆಗೆ ಯೋಚಿಸಬಹುದು. ಅರ್ಲಿ ಡಿಸಿಷನ್ ಹಾಗಲ್ಲ. ಈ ಬಗೆಯ ಅರ್ಜಿಯನ್ನು ಒಂದೇ ಕಾಲೇಜಿಗೆ ಹಾಕಬೇಕು. ಸಿಕ್ಕರೆ ಬಂದೇ ಬರುತ್ತೇನೆ, ಬೇರೆ ಅರ್ಜಿಗಳನ್ನೆಲ್ಲ ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಬರೆದುಕೊಡಬೇಕು. ವಿದ್ಯಾರ್ಥಿ, ಪೋಷಕರು, ಸ್ಕೂಲಿನ ಕೌನ್ಸೆಲರ್ ಮೂವರೂ ಸಹಿ ಹಾಕಬೇಕು. ಸಾಮಾನ್ಯವಾಗಿ ನವೆಂಬರ್ 1 ಅಥವಾ 15 ಕೊನೆಯ ದಿನ. ಡಿಸೆಂಬರ್ ಮಧ್ಯಕ್ಕೆ ಉತ್ತರ. ಬಹಳಷ್ಟು ಸಣ್ಣ ಕಾಲೇಜುಗಳಲ್ಲಿ ಎರಡನೇ ಸುತ್ತೂ ಇದೆ. ಅದಕ್ಕೆ ಜನವರಿ ಮೊದಲ ವಾರದ ಹೊತ್ತಿಗೆ ಅರ್ಜಿ, ಫೆಬ್ರವರಿ ಮಧ್ಯಕ್ಕೆ ಉತ್ತರ. ಅದೂ ಅಷ್ಟೇ ಕಟ್ಟುಪಾಡಿನದ್ದು.

ಸಣ್ಣ ಕಾಲೇಜುಗಳಿಗೆ ಇದು ಯಾಕೆ ಅಷ್ಟು ಬೇಕು? ಲೆಕ್ಕ ಸರಳ. ವರ್ಷಕ್ಕೆ ಐನೂರು ಮಕ್ಕಳನ್ನು ತೆಗೆದುಕೊಳ್ಳುವ ಕಡೆ ನಲವತ್ತು ಜನ ಹೆಚ್ಚು ಬಂದರೆ ಹಾಸ್ಟೆಲ್ ರೂಮು ಸಾಲುವುದಿಲ್ಲ. ನಲವತ್ತು ಜನ ಕಡಿಮೆ ಬಂದರೆ ಬಜೆಟ್ ಕುಸಿಯುತ್ತದೆ. ಹತ್ತು ಸಾವಿರ ಮಕ್ಕಳ ವಿಶ್ವವಿದ್ಯಾಲಯಕ್ಕೆ ಆ ನಲವತ್ತು ಕಾಣುವುದೂ ಇಲ್ಲ. ಖಂಡಿತ ಬರುವವರನ್ನು ಮೊದಲೇ ಹಿಡಿದಿಟ್ಟುಕೊಂಡರೆ ಅವರಿಗೆ ನೆಮ್ಮದಿ. ಹಾಗಾಗಿ ಹಲವು ಸಣ್ಣ ಕಾಲೇಜುಗಳು ಅರ್ಧದಷ್ಟು ಸೀಟನ್ನು ಅರ್ಲಿ ಡಿಸಿಷನ್ನಿನಲ್ಲೇ ತುಂಬಿಸಿಬಿಡುತ್ತವೆ.

ಇಲ್ಲೇ ನಮ್ಮವರು ಒಂದು ಕಡೆ ಎಡವುತ್ತಾರೆ. ಅರ್ಲಿ ಸುತ್ತಿನಲ್ಲಿ ಪ್ರವೇಶದ ಶೇಕಡಾವಾರು ಎರಡು ಮೂರು ಪಟ್ಟು ಇರುವುದನ್ನು ನೋಡಿ, ನನ್ನ ಮಗಳ ಅವಕಾಶವೂ ಮೂರು ಪಟ್ಟಾಯಿತು ಅಂದುಕೊಳ್ಳುತ್ತಾರೆ. ಆ ಗುಂಪಿನಲ್ಲಿ ಯಾರಿದ್ದಾರೆ ಎಂದು ನೋಡಬೇಕು. ವಿಲಿಯಮ್ಸ್, ಆಮರ್ಸ್ಟ್‌ನಂಥ ಕಡೆ ಸುಮಾರು ಮೂರನೇ ಒಂದು ಭಾಗ ಮಕ್ಕಳು ಕಾಲೇಜು ತಂಡದಲ್ಲಿ ಯಾವುದಾದರೂ ಕ್ರೀಡೆ ಆಡುತ್ತಾರೆ. ಕೋಚ್ ಮೊದಲೇ ಮಾತಾಡಿಟ್ಟಿರುವ ಮಕ್ಕಳು ಬರುವುದು ಹೆಚ್ಚಾಗಿ ಅರ್ಲಿ ಡಿಸಿಷನ್ನಿನಲ್ಲೇ. ಅವರನ್ನು ಕಳೆದರೆ ಉಳಿಯುವ ಅನುಕೂಲ ಸಣ್ಣದು. ಇಲ್ಲವೇ ಇಲ್ಲ ಎಂದಲ್ಲ. ಇಬ್ಬರು ಸರಿಸಮಾನರಿದ್ದಾಗ ಖಂಡಿತ ಬರುವವಳ ಕಡೆ ತಕ್ಕಡಿ ವಾಲುತ್ತದೆ. ಆದರೆ ಸೀಟು ಸಿಗುವ ಮಟ್ಟದಲ್ಲಿ ಇಲ್ಲದ ಅರ್ಜಿಯನ್ನು ಅದು ಮೇಲೆತ್ತುವುದಿಲ್ಲ.

ಇದು ನ್ಯಾಯವೇ ಎಂಬ ಪ್ರಶ್ನೆ ಹಳೆಯದು. 2006ರಲ್ಲಿ ಹಾರ್ವರ್ಡ್, ಪ್ರಿನ್ಸ್‌ಟನ್ ಮತ್ತು ವರ್ಜೀನಿಯಾ ವಿಶ್ವವಿದ್ಯಾಲಯ ಅರ್ಲಿ ಪ್ರವೇಶವನ್ನೇ ಕೈಬಿಡುವುದಾಗಿ ಹೇಳಿದವು. ಬೇಗ ಅರ್ಜಿ ಹಾಕಬಲ್ಲವರು ಅನುಕೂಲಸ್ಥರೇ, ಬಡ ಮಕ್ಕಳು ಹಿಂದೆ ಬೀಳುತ್ತಾರೆ ಎಂಬುದು ಕಾರಣ. ಹೆಚ್ಚಿನವರು ಹಿಂಬಾಲಿಸಲಿಲ್ಲ. ಕೆಲವೇ ವರ್ಷಗಳಲ್ಲಿ ಈ ಮೂರೂ ಕಟ್ಟುಪಾಡಿಲ್ಲದ ಅರ್ಲಿ ಆಕ್ಷನ್ ರೂಪದಲ್ಲಿ ಅದನ್ನು ವಾಪಸ್ ತಂದವು. ನನ್ನ ಅಭಿಪ್ರಾಯ ಕೇಳಿದರೆ, ಕಟ್ಟುಪಾಡಿನ ಅರ್ಲಿ ಡಿಸಿಷನ್ ನ್ಯಾಯವಾದ ಪದ್ಧತಿ ಅಲ್ಲ. ಹಣದ ಸಹಾಯವನ್ನು ನಾಲ್ಕು ಕಡೆ ಹೋಲಿಸಿ ನೋಡಬೇಕಾದ ಮನೆಯ ಮಗು ಅದರಲ್ಲಿ ಭಾಗವಹಿಸುವುದು ಕಷ್ಟ. ಆದರೆ ಪದ್ಧತಿ ಇದೆ, ನಿಮ್ಮ ಮಕ್ಕಳು ಅದರೊಳಗೇ ಆಯ್ಕೆ ಮಾಡಬೇಕು. ಆದ್ದರಿಂದ ಹಣದ ಮಾತು ಬಿಡಿಸಿ ಹೇಳುತ್ತೇನೆ.

ಈ ಕಾಲೇಜುಗಳ ಒಟ್ಟು ಖರ್ಚು ಈಗ ವರ್ಷಕ್ಕೆ 80,000 ಡಾಲರ್‌ಗೂ ಮೇಲೆ. ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೂ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರಲೇಬೇಕು, ಅದು 2011ರಿಂದ ಫೆಡರಲ್ ಕಾನೂನು. ನಿಮ್ಮ ಆದಾಯ, ಉಳಿತಾಯ ಹಾಕಿದರೆ ಅಂದಾಜು ಖರ್ಚು ಹೇಳುತ್ತದೆ. ಸಹಿ ಹಾಕುವ ಮುಂಚೆ ಗಂಡ ಹೆಂಡತಿ ಇಬ್ಬರೂ ಕೂತು ಅದನ್ನು ಮಾಡಿ. ಮಗುವನ್ನೂ ಕೂರಿಸಿಕೊಳ್ಳಿ. ವಿಲಿಯಮ್ಸ್, ಆಮರ್ಸ್ಟ್, ಪೊಮೋನಾದಂಥವು ಅಗತ್ಯ ನೋಡಿ ಮಾತ್ರ ಸಹಾಯ ಕೊಡುತ್ತವೆ. ಎಷ್ಟೇ ಬುದ್ಧಿವಂತ ಮಗುವಾದರೂ ಮೆರಿಟ್ ಸ್ಕಾಲರ್‌ಶಿಪ್ ಇಲ್ಲ. ಗ್ರಿನೆಲ್, ಓಬರ್ಲಿನ್, ವೂಸ್ಟರ್ ಮೆರಿಟ್ ಹಣವನ್ನೂ ಕೊಡುತ್ತವೆ. ಇಬ್ಬರೂ ಸಾಫ್ಟ್‌ವೇರ್‌ನಲ್ಲಿ ದುಡಿಯುವ ಮನೆಗೆ ಮೊದಲನೆಯ ಬಗೆಯ ಕಾಲೇಜಿನಿಂದ ಏನೂ ಸಿಗದೆ ಇರಬಹುದು. ಪೂರ್ತಿ ಕೊಡಲು ಸಾಲ ಮಾಡಬೇಕು ಅಂತಾದರೆ ನಾನು ಸಹಿ ಹಾಕಬೇಡಿ ಎಂದೇ ಹೇಳುತ್ತೇನೆ. ನಿಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ, ಅದರ ಆನರ್ಸ್ ಕಾಲೇಜು ಒಳ್ಳೆಯ ಜಾಗವೇ. ಅಲ್ಲೂ ಲ್ಯಾಬಿನ ಬಾಗಿಲು ತಟ್ಟುವ ಮಗುವಿಗೆ ಕೆಲಸ ಸಿಗುತ್ತದೆ. ಅರ್ಲಿ ಡಿಸಿಷನ್ನಿನಲ್ಲಿ ಸಿಕ್ಕಿದ ಮೇಲೆ ಕೊಟ್ಟ ಸಹಾಯ ನಿಜಕ್ಕೂ ಸಾಲದಿದ್ದರೆ ಬಿಡುಗಡೆ ಕೇಳಬಹುದು, ಆ ದಾರಿ ಇದೆ. ಆದರೆ ನಮ್ಮ ಲೆಕ್ಕಕ್ಕೆ ಸಾಲದು ಮತ್ತು ಅವರ ಲೆಕ್ಕಕ್ಕೆ ಸಾಲದು ಎರಡೂ ಒಂದೇ ಅಲ್ಲ. ಅದಕ್ಕೇ ಮೊದಲೇ ಕ್ಯಾಲ್ಕುಲೇಟರ್.

ಅಪ್ಪ ಅಮ್ಮಂದಿರ ಕೆಲಸದ ವೀಸಾಕ್ಕೆ ಅಂಟಿಕೊಂಡು ಬರುವ ಎಚ್-4 ವೀಸಾದಲ್ಲಿರುವ ಮಕ್ಕಳ ಮನೆಯವರು ಇನ್ನೂ ಎಚ್ಚರ ಇರಬೇಕು. ಮಗು ಒಂದನೇ ಕ್ಲಾಸಿನಿಂದ ಇಲ್ಲೇ ಓದಿದ್ದರೂ ಫೆಡರಲ್ ಸಹಾಯ ಸಿಗುವುದಿಲ್ಲ. ಹಣದ ಸಹಾಯದ ವಿಷಯದಲ್ಲಿ ಹಲವು ಕಾಲೇಜುಗಳು ಅವರನ್ನು ವಿದೇಶಿ ವಿದ್ಯಾರ್ಥಿ ಎಂದೇ ನೋಡುತ್ತವೆ. ಎಚ್-4ರಲ್ಲಿದ್ದುಕೊಂಡು ಸಂಬಳದ ಕೆಲಸ ಮಾಡುವಂತಿಲ್ಲ, ಬೇಸಿಗೆಯ ಲ್ಯಾಬ್ ಕೆಲಸದ ಸ್ಟೈಪೆಂಡಿಗೂ ಅದೇ ತೊಡಕು. 21 ತುಂಬಿದರೆ ಆ ವೀಸಾವೇ ಮುಗಿಯುತ್ತದೆ. ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಯಿಸುವುದು ಯಾವಾಗ ಎಂದು ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಮೊದಲೇ ಕೇಳಿ. ಇನ್ನೊಂದು ವಿಷಯ. ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ನಡೆಯುವ ಆರ್‌ಇಯು ಎಂಬ ಬೇಸಿಗೆ ಸಂಶೋಧನೆಗೆ ನ್ಯಾಷನಲ್ ಸೈನ್ಸ್ ಫೌಂಡೇಷನ್ ಹಣ ಕೊಡುತ್ತದೆ. ಅದು ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ. ಉಳಿದವರಿಗೆ ಸ್ವಂತ ಕಾಲೇಜಿನ ಬೇಸಿಗೆ ಹಣವೇ ಆಧಾರ. ಹಾಗಾಗಿ ಅಂಥ ಹಣ ವಿದೇಶಿ ವಿದ್ಯಾರ್ಥಿಗಳಿಗೂ ಸಿಗುತ್ತದಾ ಎಂದು ಕೇಳಿ ತಿಳಿದುಕೊಂಡು ಅರ್ಜಿ ಹಾಕಿ.

ಮಕ್ಕಳೇ, ಈಗ ನಿಮ್ಮ ಕೆಲಸ. ನವೆಂಬರಿನಲ್ಲಿ ಸಹಿ ಹಾಕಬೇಕಾದರೆ ಹನ್ನೊಂದನೇ ಕ್ಲಾಸಿನ ವಸಂತದಲ್ಲೇ ಓದು ಶುರುವಾಗಬೇಕು. ಕ್ಯಾಂಪಸ್ಸಿನ ಮರ, ಕಟ್ಟಡ ನೋಡಿ ಮರುಳಾಗಬೇಡಿ. ಆ ವಿಭಾಗದಲ್ಲಿ ಕಳೆದ ಎರಡು ವರ್ಷ ನಿಜವಾಗಿ ನಡೆದ ಕೋರ್ಸುಗಳ ಪಟ್ಟಿ ಹುಡುಕಿ. ಕ್ಯಾಟಲಾಗಿನಲ್ಲಿ ಇರುವುದೆಲ್ಲ ನಡೆಯುವುದಿಲ್ಲ. ಕೊನೆಯ ವರ್ಷದ ಥೀಸಿಸ್ ಶೀರ್ಷಿಕೆಗಳನ್ನು ಓದಿ. ಪ್ರೊಫೆಸರ್‌ಗಳು ಬರೆದ ಪೇಪರಿನಲ್ಲಿ ವಿದ್ಯಾರ್ಥಿಗಳ ಹೆಸರು ಇದೆಯಾ ನೋಡಿ. ಹೋಗುವುದಾದರೆ ಕಾಲೇಜು ನಡೆಯುವ ದಿನ ಹೋಗಿ, ಒಂದು ಕ್ಲಾಸಿನಲ್ಲಿ ಕೂತುಕೊಳ್ಳಿ. ಮಧ್ಯಾಹ್ನ ನಾಲ್ಕು ಗಂಟೆಗೆ ಸೈನ್ಸ್ ಬಿಲ್ಡಿಂಗಿನಲ್ಲಿ ಸುಮ್ನೆ ಒಂದು ಸುತ್ತು ಹಾಕಿ. ಲ್ಯಾಬಿನಲ್ಲಿ ವಿದ್ಯಾರ್ಥಿಗಳಿದ್ದಾರಾ? ಪ್ರೊಫೆಸರ್‌ಗಳ ಬಾಗಿಲು ತೆರೆದಿದೆಯಾ? ಒಳಗೆ ಯಾರಾದರೂ ಹುಡುಗ ಹುಡುಗಿ ಕೂತು ಮಾತಾಡುತ್ತಿದ್ದಾರಾ? ಅಲ್ಲಿ ಸಿಕ್ಕವರನ್ನು ಕೇಳಿ, ಈ ಬೇಸಿಗೆಯಲ್ಲಿ ನೀನೇನು ಮಾಡಿದೆ ಅಂತ. ಪ್ರವೇಶ ಕಚೇರಿಯ ಹೊಳೆಯುವ ಕಾಗದಕ್ಕಿಂತ ಆ ಉತ್ತರ ಹೆಚ್ಚು ಹೇಳುತ್ತದೆ.

ಇನ್ನು ಪ್ರಶ್ನೆಗಳು.

ಒಬ್ಬ ತಂದೆ ಕೇಳಿದರು: “ಸರ್, ಎಲ್ಲ ಸರಿ. ಆದರೆ ಊರಲ್ಲಿ ಯಾರಿಗೂ ಈ ಹೆಸರು ಗೊತ್ತಿಲ್ಲ. ಕೆಲಸ ಕೊಡುವವರಿಗೆ ಗೊತ್ತಿರುತ್ತಾ?”

ಪಿಎಚ್‌ಡಿಗೆ ಆರಿಸುವ ಪ್ರೊಫೆಸರ್‌ಗಳಿಗೆ, ಮೆಡಿಕಲ್ ಸ್ಕೂಲುಗಳಿಗೆ ಬಹಳ ಚೆನ್ನಾಗಿ ಗೊತ್ತು. ಅದಕ್ಕಿಂತ ಮುಖ್ಯ ಶಿಫಾರಸು ಪತ್ರ. ಮೂರು ವರ್ಷ ಪಕ್ಕದಲ್ಲೇ ನಿಂತು ಕೆಲಸ ಕಲಿಸಿದವರು ಬರೆಯುವ ಪತ್ರದಲ್ಲಿ ಆ ಮಗು ಇರುತ್ತದೆ. ದೊಡ್ಡ ಹಾಲಿನಲ್ಲಿ ಪಾಠ ಮಾಡಿದವರ ಪತ್ರದಲ್ಲಿ ಗ್ರೇಡ್ ಮಾತ್ರ ಇರುತ್ತದೆ. ನೇರ ಕೆಲಸಕ್ಕೆ ಬಂದರೆ, ಕ್ಯಾಂಪಸ್ಸಿಗೆ ಬರುವ ಕಂಪನಿಗಳು ದೊಡ್ಡ ಕಡೆ ಹೆಚ್ಚು, ಅದು ನಿಜ. ಹಳೆಯ ವಿದ್ಯಾರ್ಥಿಗಳ ಬಳಗ ಅದನ್ನು ಸ್ವಲ್ಪ ಮಟ್ಟಿಗೆ ತುಂಬಿಕೊಡುತ್ತದೆ.

ಒಬ್ಬ ತಾಯಿ: “ಶಿವಮೊಗ್ಗದಲ್ಲಿ ನಮ್ಮಕ್ಕನ ಮಗ ಸೆಕೆಂಡ್ ಪಿಯುಸಿ. ಅವನೂ ಹೀಗೆ ಹಾಕಬಹುದಾ ಸರ್?”

ಹಾಕಬಹುದಮ್ಮ. ಆದರೆ ಅರ್ಜಿ ಹಾಕುವ ಹೊತ್ತಿಗೆ ಬೋರ್ಡ್ ಪರೀಕ್ಷೆ ಇನ್ನೂ ನಾಲ್ಕು ತಿಂಗಳು ದೂರ ಇರುತ್ತದೆ. ಒಂಬತ್ತನೇ ತರಗತಿಯಿಂದ ಎಲ್ಲ ಅಂಕಪಟ್ಟಿ ಬೇಕು. ಕಾಲೇಜಿನಿಂದ ನಿರೀಕ್ಷಿತ ಅಂಕ ಬೇಕು, ಇಬ್ಬರು ಉಪನ್ಯಾಸಕರ ಪತ್ರ ಬೇಕು. ಪ್ರಿನ್ಸಿಪಾಲರಿಗೆ ಇದು ಹೊಸತಾಗಿರಬಹುದು. ಜೂನ್, ಜುಲೈನಲ್ಲೇ ಹೋಗಿ ವಿನಯದಿಂದ ವಿವರಿಸಬೇಕು. ಹಣದ ವಿಷಯದಲ್ಲಿ, ಎಷ್ಟು ಸಹಾಯ ಬೇಕು ಎಂಬುದನ್ನು ಲೆಕ್ಕಿಸದೆ ವಿದೇಶಿ ಮಕ್ಕಳನ್ನೂ ಆರಿಸುವ ಸಣ್ಣ ಕಾಲೇಜುಗಳು ಬಹಳ ಕಡಿಮೆ. ಆಮರ್ಸ್ಟ್, ಬೋಡಿನ್ ಅಂಥವು. ಉಳಿದ ಕಡೆ ಹೆಚ್ಚು ಸಹಾಯ ಕೇಳಿದಷ್ಟೂ ಸೀಟು ಕಷ್ಟ. ಅಮೆರಿಕಕ್ಕೇ ಬರಬೇಕು ಅಂತಿಲ್ಲ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನದ ಜೊತೆಗೆ ಬೇರೆ ವಿಷಯ ಕಲಿಸುವ ಪದವಿ ಇದೆ. ಐಐಎಸ್‌ಸಿಯಲ್ಲಿ 2011ರಿಂದ ನಾಲ್ಕು ವರ್ಷದ ಪದವಿ ನಡೆಯುತ್ತಿದೆ. ಅವನ್ನೂ ಅಷ್ಟೇ ಗಂಭೀರವಾಗಿ ನೋಡಲು ಹೇಳಿ.

ಹಿಂದಿನ ಸಾಲಿನ ಹುಡುಗಿ: “ನನಗೆ ಬಯಾಲಜಿನಾ ಫಿಸಿಕ್ಸಾ ಇನ್ನೂ ಗೊತ್ತಿಲ್ಲ ಅಂಕಲ್. ಅದು ಗೊತ್ತಾಗದೆ ಅರ್ಲಿ ಡಿಸಿಷನ್ ಹಾಕೋದು ತಪ್ಪಾ?”

ತಪ್ಪಲ್ಲ ಪುಟ್ಟಾ. ಮೇಜರ್, ಅಂದರೆ ಮುಖ್ಯ ವಿಷಯ ಆರಿಸುವುದು ಎರಡನೇ ವರ್ಷದ ಕೊನೆಗೆ. ಗ್ರಿನೆಲ್‌ನಲ್ಲಿ ಮೊದಲ ಸೆಮಿಸ್ಟರಿನ ಒಂದು ಟ್ಯುಟೋರಿಯಲ್ ಬಿಟ್ಟರೆ ಎಲ್ಲರಿಗೂ ಕಡ್ಡಾಯ ಎನ್ನುವ ಕೋರ್ಸೇ ಇಲ್ಲ. ಸ್ವಾರ್ತ್‌ಮೋರ್‌ನಲ್ಲಿ ಮೊದಲ ಸೆಮಿಸ್ಟರಿಗೆ ಗ್ರೇಡ್ ಹಾಕುವುದಿಲ್ಲ, ಪಾಸಾದರೆ ಸಾಕು. ಗೊತ್ತಿಲ್ಲದವರಿಗಾಗಿಯೇ ಮಾಡಿಟ್ಟ ಜಾಗ ಅದು. ಆದರೆ ಒಂದು ಕೆಲಸ ಮಾಡು. ನೀನು ಆರಿಸಿದ ಕಾಲೇಜಿನಲ್ಲಿ ಬಯಾಲಜಿ, ಫಿಸಿಕ್ಸ್ ಎರಡೂ ವಿಭಾಗ ಗಟ್ಟಿಯಾಗಿವೆಯಾ ನೋಡು. ಒಂದು ಮಾತ್ರ ಚೆನ್ನಾಗಿದ್ದರೆ ಅಲ್ಲಿಗೆ ಈಗಲೇ ಸಹಿ ಹಾಕಬೇಡ. ಕಟ್ಟುಪಾಡಿಲ್ಲದ ಮಾಮೂಲಿ ಸುತ್ತಿನಲ್ಲಿ, ಅಂದರೆ ರೆಗ್ಯುಲರ್ ಸುತ್ತಿನಲ್ಲಿ ಹಾಕು.

ಕೊನೆಗೆ ಅವಳ ಅಣ್ಣನ ಪ್ರಶ್ನೆ: “ಡಿಸೆಂಬರಿನಲ್ಲಿ ಡಿಫರ್ ಮಾಡಿದರೆ?”

ಡಿಫರ್ ಅಂದರೆ ನಿನ್ನ ಅರ್ಜಿಯನ್ನು ರೆಗ್ಯುಲರ್ ಸುತ್ತಿಗೆ ತಳ್ಳಿದರು ಅಂತ. ಆ ಕ್ಷಣಕ್ಕೆ ನಿನ್ನ ಕಟ್ಟುಪಾಡೂ ಮುಗಿಯಿತು. ಮಾರ್ಚ್ ಕೊನೆಯಲ್ಲಿ ಅವರು ಸೀಟು ಕೊಟ್ಟರೂ ಹೋಗಲೇಬೇಕು ಅಂತಿಲ್ಲ. ಬೇಕಾದರೆ ಜನವರಿಯಲ್ಲಿ ಬೇರೆ ಕಾಲೇಜಿಗೆ ಎರಡನೇ ಸುತ್ತಿನ ಅರ್ಲಿ ಡಿಸಿಷನ್ ಹಾಕಬಹುದು. ಆದರೆ ಬೇಜಾರಿನಲ್ಲಿ ಹಾಕಬೇಡ. ಉಳಿದ ಅರ್ಜಿಗಳ ಪ್ರಬಂಧಗಳನ್ನು ನವೆಂಬರ್ ತಿಂಗಳಲ್ಲೇ ಬರೆದಿಟ್ಟುಕೋ. ಡಿಸೆಂಬರಿನ ಉತ್ತರ ಬಂದಮೇಲೆ ಎರಡು ವಾರದಲ್ಲಿ ಎಂಟು ಪ್ರಬಂಧ ಬರೆಯಲು ಕೂತವರ ಬರವಣಿಗೆ ಹೇಗಿರುತ್ತದೆ ಎಂದು ಪ್ರವೇಶ ಸಮಿತಿಯಲ್ಲಿ ಕೂತು ನಾನು ಓದಿದ್ದೇನೆ.